ಒಂದೂಕಾಲು ಪವರ್‌ಗೆ ತೆಳು ಲೆನ್ಸ್ ಯಾಕೆ?

"ಸರ್, 1.67 ಹಾಕಿಸ್ಕೊಳ್ಳಿ, ತುಂಬಾ ತೆಳ್ಳಗೆ ಬರುತ್ತೆ" ಅಂದ ಗಾಂಧಿಬಜಾರಿನ ಕನ್ನಡಕದಂಗಡಿ ಹುಡುಗ. ನನ್ನ ಪವರ್ ಬರೀ ಮೈನಸ್ ಒಂದೂಕಾಲು. ಸೋಡಾಬುಡ್ಡಿ ಕನ್ನಡಕದ ಕಷ್ಟ ನನಗೆಲ್ಲಿ ಬಂತು?

ಈ 1.67 ಅನ್ನೋದು ಲೆನ್ಸಿನ ಪ್ಲಾಸ್ಟಿಕ್ ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಲೆಕ್ಕ. ಜಾಸ್ತಿ ಬಗ್ಗಿಸಿದರೆ ಕಡಿಮೆ ಉಬ್ಬುತಗ್ಗು ಸಾಕು, ಲೆನ್ಸ್ ತೆಳುವಾಗುತ್ತದೆ. ಸರಿ, ಎಷ್ಟು ತೆಳು? ಪವರ್ ಚೀಟಿಯ ಹಿಂದೆಯೇ ಗೀಚಿ ನೋಡಿದೆ. 50 ಮಿ.ಮೀ. ಅಗಲದ ಲೆನ್ಸಿನಲ್ಲಿ, ಮಧ್ಯಕ್ಕಿಂತ ಅಂಚು ಸಾಮಾನ್ಯ ಪ್ಲಾಸ್ಟಿಕ್ಕಿಗೆ ಸುಮಾರು 0.8 ಮಿ.ಮೀ. ದಪ್ಪ, 1.67ಕ್ಕೆ ಸುಮಾರು 0.6. ವ್ಯತ್ಯಾಸ ಎರಡು ಹಾಳೆಯಷ್ಟು! ಮೈನಸ್ ಆರು ಇದ್ದವರಿಗಾದರೆ ಹೆಚ್ಚುಕಡಿಮೆ ಒಂದು ಮಿ.ಮೀ. ಉಳಿಯುತ್ತದೆ, ಅವರು ದುಡ್ಡು ಕೊಡಲಿ.

ಆ 'ಸಾಮಾನ್ಯ' ಪ್ಲಾಸ್ಟಿಕ್ಕಿನ ಹೆಸರು ಸಿಆರ್-39. ಅಮೆರಿಕದಲ್ಲಿ 1940ರಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ಬಾಂಬರ್ ವಿಮಾನಗಳ ಇಂಧನ ಟ್ಯಾಂಕಿಗೆ ಬಳಕೆಯಾಗಿ, 1947ರಲ್ಲಿ ಕನ್ನಡಕಕ್ಕೆ ಬಂತು. ಬಣ್ಣಗಳನ್ನು ಚೆದುರಿಸದೆ ಇರುವ ಗುಣಕ್ಕೆ ಆಬ್ಬೆ ಸಂಖ್ಯೆ ಅಂತಾರೆ, ಜಾಸ್ತಿ ಇದ್ದಷ್ಟು ಒಳ್ಳೇದು. ಸಿಆರ್-39ಕ್ಕೆ ಅದು 58. 1.67ಕ್ಕೆ 32ರ ಆಸುಪಾಸು, ಸುಲಭಕ್ಕೆ ಒಡೆಯದ ಇನ್ನೊಂದು ಪ್ಲಾಸ್ಟಿಕ್ ಆದ ಪಾಲಿಕಾರ್ಬೊನೇಟ್‌ಗೆ 30. ಸಂಖ್ಯೆ ಕಡಿಮೆ ಇದ್ದಾಗ ಲೆನ್ಸಿನ ಅಂಚಿನಿಂದ ಬೀದಿದೀಪ ನೋಡಿದರೆ ಒಂದು ಬದಿ ನೀಲಿ, ಇನ್ನೊಂದು ಬದಿ ಕೆಂಪು ಗೆರೆ. ನಿಜ ಹೇಳಬೇಕೆಂದರೆ ಇಷ್ಟು ಸಣ್ಣ ಪವರ್‌ನಲ್ಲಿ ಅದು ಕಾಣೋದೇ ಕಷ್ಟ.

ಕಾಣೋದು ಪ್ರತಿಫಲನ. ಕೋಟಿಂಗ್ ಇಲ್ಲದ ಸಿಆರ್-39 ಸುಮಾರು ಶೇ. 8ರಷ್ಟು ಬೆಳಕನ್ನು ವಾಪಸ್ ಎಸೆಯುತ್ತದೆ, 1.67 ಶೇ. 12ರಷ್ಟು. ರಾತ್ರಿ ಸಿಲ್ಕ್ ಬೋರ್ಡ್ ಕಡೆ ಗಾಡಿ ಓಡಿಸಿ ನೋಡಿ, ಪ್ರತಿ ಹೆಡ್‌ಲೈಟಿನ ಪಕ್ಕ ಮಂಕಾದ ಇನ್ನೊಂದು ದೀಪ! ಹಾಗಾಗಿ ತೆಳು ಲೆನ್ಸಿನ ದುಡ್ಡು ಉಳಿಸಿ ಒಳ್ಳೆ ಆಂಟಿ-ರಿಫ್ಲೆಕ್ಷನ್ ಕೋಟಿಂಗಿಗೆ ಹಾಕಿದೆ.

ಮಗಳ ಕನ್ನಡಕಕ್ಕೆ ಮಾತ್ರ ಪಾಲಿಕಾರ್ಬೊನೇಟೇ ಬೇಕೆಂದೆ. ಬೀದಿ ಕ್ರಿಕೆಟ್ಟಿನ ಚೆಂಡು ಬಡಿದರೂ ಸುಲಭಕ್ಕೆ ಒಡೆಯುವುದಿಲ್ಲ. ಗೀರು ಬೀಳೋದು ಮಾತ್ರ ಬೇಗ, ಮೇಲೆ ಗಟ್ಟಿ ಕೋಟಿಂಗ್ ಇರಲೇಬೇಕು. ತೂತು ಕೊರೆದು ಸ್ಕ್ರೂ ಹಾಕುವ ರಿಮ್‌ಲೆಸ್ ಫ್ರೇಮಿಗೂ ಇದು ಅಥವಾ ಟ್ರೈವೆಕ್ಸ್ ಅನ್ನೋ ಇನ್ನೊಂದು ಗಟ್ಟಿ ಪ್ಲಾಸ್ಟಿಕ್ ವಾಸಿ, ಸಿಆರ್-39 ತೂತಿನ ಸುತ್ತ ಬಿರುಕು ಬಿಡುತ್ತದೆ.

ಯಾವುದೇ ಕೊಂಡರೂ, ನಮ್ಮೂರಿನ ಧೂಳನ್ನು ಅಂಗಿ ಚುಂಗಿನಿಂದ ಸುಮ್ನೆ ಉಜ್ಜಬೇಡಿ. ಮೊದಲು ನಲ್ಲಿ ಕೆಳಗೆ ಹಿಡಿದು ತೊಳೆಯಿರಿ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲಂತೂ ಇಡಲೇಬೇಡಿ: ಕಾವಿಗೆ ಪ್ಲಾಸ್ಟಿಕ್ ಹಿಗ್ಗಿದಷ್ಟು ಕೋಟಿಂಗ್ ಹಿಗ್ಗುವುದಿಲ್ಲ, ಒಣಗಿದ ಕೆರೆಯಂಗಳದ ಹಾಗೆ ಸೀಳಿಬಿಡುತ್ತದೆ. ನನ್ನ ಹಳೇ ಕನ್ನಡಕ ಹಾಳಾಗಿದ್ದು ಹಾಗೇ.