ಸಾರ್ವಜನಿಕ ಸಂಪರ್ಕ ಕೋರ್ಸಿಗೆ ಸೇರುವ ಮುನ್ನ

ಮಗಳನ್ನು ಸಾರ್ವಜನಿಕ ಸಂಪರ್ಕದ ಸ್ನಾತಕೋತ್ತರ ಕೋರ್ಸಿಗೆ ಸೇರಿಸಬಹುದೇ ಎಂದು ಕೇಳುವ ಪೋಷಕರ ಬಳಿ ನಾನು ಮೊದಲು ಎತ್ತುವುದು ಶುಲ್ಕದ ಮಾತು. ವಕೀಲಿಕೆಗೆ ವಕೀಲರ ಪರಿಷತ್ತಿನಲ್ಲಿ ನೋಂದಣಿ ಬೇಕು, ವೈದ್ಯರಿಗೂ ಹಾಗೆಯೇ. ನಮ್ಮ ವೃತ್ತಿಗೆ ಅಂಥ ಕಟ್ಟುಪಾಡಿಲ್ಲ. ಸಾಲ ಮಾಡಿ ಎರಡು ವರ್ಷ ಓದಿದವಳ ಪಕ್ಕದ ಕುರ್ಚಿಯಲ್ಲಿ ಎಂಜಿನಿಯರಿಂಗ್ ಮುಗಿಸಿದವನು ಅದೇ ಸಂಬಳಕ್ಕೆ ಕುಳಿತಿರುತ್ತಾನೆ. ಪತ್ರಿಕೆಯಲ್ಲಿ ಹತ್ತು ವರ್ಷ ದುಡಿದು ಬಂದವರು ಇಬ್ಬರಿಗೂ ಮೇಲಧಿಕಾರಿ.

ಇದನ್ನಾದರೂ ಸಹಿಸಬಹುದು. ನನ್ನನ್ನು ಕಾಡುವುದು ತರಗತಿಯಲ್ಲಿ ಕನ್ನಡಕ್ಕೆ ಜಾಗವೇ ಇಲ್ಲದಿರುವುದು. ನಮ್ಮಲ್ಲಿ ತರಬೇತಿಗೆ ಬಂದ ಹುಡುಗಿಯೊಬ್ಬಳು, ಒಳ್ಳೆಯ ಅಂಕ ಪಡೆದವಳು, ವಸತಿ ಸಮುಚ್ಚಯವೊಂದರ ಪತ್ರಿಕಾ ಪ್ರಕಟಣೆಯನ್ನು ಇಂಗ್ಲಿಷಿನಲ್ಲಿ ಬರೆದು ಯಂತ್ರಾನುವಾದಕ್ಕೆ ಕೊಟ್ಟಳು. ‘ಯಲಹಂಕದಲ್ಲಿ ಐಷಾರಾಮಿ ಮನೆಗಳ ಉಡಾವಣೆ’ ಎಂಬ ಶೀರ್ಷಿಕೆ ಬಂತು. ಉಡಾವಣೆಯಾಗುವುದು ರಾಕೆಟ್, ಮನೆಗಳ ಮಾರಾಟ ಆರಂಭವಾಗುತ್ತದೆ. ಬೆಲೆ ಎಷ್ಟು, ಮನೆ ಯಾವಾಗ ಕೈಗೆ ಸಿಗುತ್ತದೆ ಎಂಬುದಕ್ಕೆ ಎರಡನೇ ಪುಟದವರೆಗೆ ಓದಬೇಕಿತ್ತು. ಸಂಜೆ ಏಳಕ್ಕೆ ಪುಟ ಕಟ್ಟುವ ಉಪಸಂಪಾದಕರಿಗೆ ಅಷ್ಟು ವ್ಯವಧಾನವೆಲ್ಲಿ? ಇಬ್ಬರೂ ಕುಳಿತು ಅದನ್ನು ಆರು ಸಾಲಿಗೆ ಇಳಿಸಿದೆವು. ಮೊದಲ ಸಾಲಿನಲ್ಲೇ ಸ್ಥಳ, ಮನೆಗಳ ಸಂಖ್ಯೆ, ಬೆಲೆ. ಇಂಥ ಆರು ಸಾಲನ್ನು ಎರಡು ವರ್ಷದ ಓದಿನಲ್ಲಿ ಯಾರೂ ಆಕೆಯಿಂದ ಒಮ್ಮೆಯೂ ಬರೆಸಿರಲಿಲ್ಲ.

ಮಾಡಿದ ಕೆಲಸದ ಫಲವನ್ನು ಅಳೆಯುವ ಪಾಠವೂ ಹಳೆಯದು. ಸುದ್ದಿ ಎಷ್ಟು ಕಾಲಂ ಸೆಂಟಿಮೀಟರ್ ಬಂದಿದೆಯೋ ಅಷ್ಟು ಜಾಗದ ಜಾಹೀರಾತು ದರವನ್ನು ಲೆಕ್ಕ ಹಾಕಿ ಗ್ರಾಹಕರ ಮುಂದಿಡುವುದನ್ನು ಇಂದಿಗೂ ಹೇಳಿಕೊಡುವವರಿದ್ದಾರೆ. ಜಾಹೀರಾತಿನ ದರ ಸಾರ್ವಜನಿಕ ಸಂಪರ್ಕದ ಮೌಲ್ಯವಲ್ಲ ಎಂದು ಈ ಕ್ಷೇತ್ರದವರು 2010ರಲ್ಲೇ ಬಾರ್ಸಿಲೋನಾದಲ್ಲಿ ಸೇರಿ ಒಪ್ಪಿಕೊಂಡಿದ್ದಾರೆ.

ಇನ್ನು ‘ಆಗುವುದಿಲ್ಲ’ ಎನ್ನುವುದನ್ನು ಯಾವ ಪಠ್ಯಕ್ರಮವೂ ಅಭ್ಯಾಸ ಮಾಡಿಸುವುದಿಲ್ಲ. ಗ್ರಾಹಕರನ್ನು ಒಲಿಸಿಕೊಳ್ಳುವ ಪಾಠ ಮಾತ್ರ ಧಾರಾಳ. ಅದೇ ಸಮುಚ್ಚಯದವರು ಪ್ರಕಟಣೆಯಲ್ಲಿ ‘ದಿನದ 24 ಗಂಟೆಯೂ ಕಾವೇರಿ ನೀರು’ ಎಂದು ಸೇರಿಸಲು ಹೇಳಿದರು. ಹಿಂದಿನ ದಿನವಷ್ಟೇ ಸ್ಥಳಕ್ಕೆ ಹೋಗಿದ್ದ ಹುಡುಗಿ ಗೇಟಿನ ಬಳಿ ಎರಡು ನೀರಿನ ಟ್ಯಾಂಕರ್‌ಗಳನ್ನು ನೋಡಿ ಬಂದಿದ್ದಳು. ಬೆರಳು ಕೀಲಿಮಣೆಯ ಮೇಲಿಟ್ಟುಕೊಂಡು ನನ್ನ ಮುಖ ನೋಡಿ, “ಮೇಡಂ, ಇದನ್ನು ಬರೆಯಲೇಬೇಕೇ?” ಎಂದು ಕೇಳಿದಳು. ಬೇಡ ಎಂದೆ. ಆ ಸಾಲು ಬಿಡಿಸಲು ಅಂದು ಸಂಜೆ ನಾಲ್ಕು ಬಾರಿ ಫೋನ್ ಮಾಡಬೇಕಾಯಿತು. ನಾಲ್ಕು ಬಾರಿಯೂ ಆಕೆಯನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದೆ.