ಡೇವಿಡ್‌ನ ಮೈಮೇಲೆ ಬಟ್ಟೆ ಏಕಿಲ್ಲ?

ಇಟಲಿಯ ಫ್ಲಾರೆನ್ಸಿನಲ್ಲಿರುವ, ಮೈಕೆಲ್ಯಾಂಜಲೊ ಕಡೆದ ಬೆತ್ತಲೆ ಡೇವಿಡ್ ಶಿಲ್ಪದ ಚಿತ್ರ ಎದುರಾದಾಗಲೆಲ್ಲ ಎರಡು ಬಗೆಯ ಮಾತು ಕೇಳಿಸುತ್ತದೆ. ಕಿಸಕ್ಕನೆ ನಗುವವರು ‘ಆ ಜನಕ್ಕೆ ನಾಚಿಕೆಯೇ ಇರಲಿಲ್ಲ’ ಎನ್ನುತ್ತಾರೆ. ಕಣ್ಣರಳಿಸುವವರು ‘ಅವರು ಸೌಂದರ್ಯದ ಆರಾಧಕರು’ ಎನ್ನುತ್ತಾರೆ. ನನಗೆ ಸಿಟ್ಟು ಬರುವುದು ಎರಡನೆಯವರ ಮೇಲೆ. ಸೌಂದರ್ಯ ಎಂದುಬಿಟ್ಟರೆ ಮುಂದೆ ಯಾರೂ ಏನನ್ನೂ ಕೇಳುವುದಿಲ್ಲ. ಬಟ್ಟೆಯ ನೆರಿಗೆಯೂ ಸುಂದರವೇ ತಾನೆ? ಅದನ್ನು ಕಲ್ಲಿನಲ್ಲಿ ಕಡೆಯಬಲ್ಲವರು ಗ್ರೀಸಿನಲ್ಲಿಯೂ ಇಟಲಿಯಲ್ಲಿಯೂ ಬೇಕಾದಷ್ಟು ಮಂದಿ ಇದ್ದರು. ಹಾಗಿದ್ದೂ ಬಟ್ಟೆಯನ್ನು ಕೈಬಿಟ್ಟರೆಂದರೆ, ಅದರಡಿ ಮುಚ್ಚಿಹೋಗುವ ಏನೋ ಒಂದು ಅವರಿಗೆ ಬೇಕಾಗಿತ್ತು.

ಗ್ರೀಕರು ಬೀದಿಯಲ್ಲಿ ಬೆತ್ತಲೆ ಓಡಾಡುತ್ತಿರಲಿಲ್ಲ. ಯುದ್ಧಕ್ಕೆ ಹೊರಟಾಗ ಕಂಚಿನ ಕವಚ ತೊಡುತ್ತಿದ್ದರು. ಬಟ್ಟೆ ಕಳಚುತ್ತಿದ್ದದ್ದು ಗರಡಿಮನೆಯಲ್ಲಿ ಮತ್ತು ಕ್ರೀಡಾಕೂಟದಲ್ಲಿ. ಆಲಿವ್ ಎಣ್ಣೆ ಹಚ್ಚಿಕೊಂಡು ಕುಸ್ತಿಯಾಡಿ, ಆಮೇಲೆ ಎಣ್ಣೆ, ಬೆವರು, ಧೂಳನ್ನೆಲ್ಲ ಬಾಗಿದ ಲೋಹದ ಪಟ್ಟಿಯಿಂದ ಕೆರೆದು ತೆಗೆಯುತ್ತಿದ್ದರು. ಈ ರೂಢಿಯನ್ನು ಮೊದಲು ತಂದವರು ಸ್ಪಾರ್ಟಾದವರು, ಏಷ್ಯಾದ ಅನ್ಯಜನ ಈಗಲೂ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡೇ ಕುಸ್ತಿಯಾಡುತ್ತಾರೆ ಎಂದು ಕ್ರಿ.ಪೂ. 5ನೆಯ ಶತಮಾನದ ಇತಿಹಾಸಕಾರ ಥ್ಯುಸಿಡಿಡೀಸ್ ಬರೆದ. ಅಂದರೆ ಅಂಕಣದಲ್ಲಿ ಬೆತ್ತಲಾಗುವುದು ಅವರ ಲೆಕ್ಕದಲ್ಲಿ ನಾಗರಿಕತೆಯ ಗುರುತು. ಶಿಲ್ಪಿಗೆ ಇದರಿಂದ ಆದ ಲಾಭ ಬೇರೆ: ದುಡಿಯುತ್ತಿರುವ ಸ್ನಾಯುಗಳು ದಿನವೂ ಎಣ್ಣೆಯ ಹೊಳಪಿನಲ್ಲಿ ಕಣ್ಣೆದುರೇ ಇರುತ್ತಿದ್ದವು.

ಕ್ರಿ.ಪೂ. 600ರ ಹೊತ್ತಿನ ಗ್ರೀಕ್ ತರುಣರ ಶಿಲ್ಪಗಳು ಈಜಿಪ್ಟಿನವುಗಳ ಜಾಡಿನಲ್ಲಿಯೇ ನಿಂತಿವೆ. ಎದೆ ನೇರ, ಮುಷ್ಟಿ ಬಿಗಿ, ಎಡಗಾಲು ಮುಂದೆ. ಈಜಿಪ್ಟಿನವನ ಸೊಂಟದ ಬಟ್ಟೆಯನ್ನು ಮಾತ್ರ ಗ್ರೀಕರು ತೆಗೆದರು. ತೆಗೆದೊಡನೆ ಒಂದು ಸುಳ್ಳು ಬಯಲಾಯಿತು. ಕಾಲು ಮುಂದಿಟ್ಟಿದ್ದರೂ ಸೊಂಟ ಅಲುಗಿಲ್ಲ! ಬಟ್ಟೆ ಇದ್ದಾಗ ಯಾರೂ ಗಮನಿಸದ ತಪ್ಪು ಅದು. ಅದನ್ನು ತಿದ್ದಲು ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಅಥೆನ್ಸಿನ ಅಕ್ರೋಪೊಲಿಸ್‌ನಲ್ಲಿ ಸಿಕ್ಕ, ಕ್ರಿ.ಪೂ. 480ರ ಆಸುಪಾಸಿನ ‘ಕ್ರಿಟಿಯಾಸ್ ಹುಡುಗ’ ಮೈಭಾರವನ್ನು ಒಂದೇ ಕಾಲಿಗೆ ದಾಟಿಸಿ ನಿಂತಿದ್ದಾನೆ. ನಾವು ಬಸ್ಸಿಗೆ ಕಾಯುವಾಗ ನಿಲ್ಲುವ ಹಾಗೆಯೇ.

ಇದು ಸಣ್ಣ ಸಂಗತಿಯಲ್ಲ. ಎದ್ದು ನಿಂತು ನೋಡಿ. ಎರಡು ಹೆಬ್ಬೆರಳುಗಳನ್ನು ಸೊಂಟದ ಮೂಳೆಯ ಎರಡು ಪಕ್ಕದ ಅಂಚಿಗೆ ಒತ್ತಿ ಹಿಡಿಯಿರಿ. ಭಾರವನ್ನೆಲ್ಲ ಬಲಗಾಲಿಗೆ ದಾಟಿಸಿ, ಎಡಮಂಡಿಯನ್ನು ಸಡಿಲ ಬಿಡಿ. ಎಡ ಹೆಬ್ಬೆರಳು ಕೆಳಗಿಳಿಯುತ್ತದೆ. ಬೆನ್ನುಮೂಳೆಯ ಬುಡ ಇರುವುದು ಈ ಮೂಳೆಯ ಮೇಲೆಯೇ, ಬುಡ ಎಡಕ್ಕೆ ವಾಲಿದರೆ ಮೇಲಿನದೆಲ್ಲ ಎಡಕ್ಕೆ ಉರುಳಬೇಕಿತ್ತು. ಉರುಳದಂತೆ ಬೆನ್ನುಮೂಳೆ ಬಲಕ್ಕೆ ಬಾಗುತ್ತದೆ, ಬಲ ಭುಜ ತಗ್ಗುತ್ತದೆ, ಎಡ ಭುಜ ಏರುತ್ತದೆ. ಬಲ ಪಕ್ಕೆಯಲ್ಲಿ ಮಾಂಸ ಒತ್ತರಿಸಿಕೊಂಡರೆ ಎಡ ಪಕ್ಕೆ ಹಿಗ್ಗುತ್ತದೆ. ಬಲ ಪೃಷ್ಠದ ಪಕ್ಕದ ಸ್ನಾಯು ಸೊಂಟ ಇನ್ನಷ್ಟು ಕುಸಿಯದಂತೆ ಹಿಡಿದುಕೊಳ್ಳುತ್ತದೆ, ಎಡ ತೊಡೆಗೆ ಹೆಚ್ಚು ಕೆಲಸವೇ ಇಲ್ಲ. ಒಂದು ಮಂಡಿ ಸಡಿಲಿದ್ದಕ್ಕೆ ಕತ್ತಿನವರೆಗೆ ಎಲ್ಲವೂ ಜಾಗ ಬದಲಿಸಿತು. ಈಗ ಇದರ ಮೇಲೊಂದು ದಪ್ಪ ನಿಲುವಂಗಿ ಹೊದಿಸಿ. ಉಳಿಯುವುದು ಮಂಡಿಯ ಉಬ್ಬೊಂದೇ.

ಈ ನಿಲುವನ್ನು ಇಟಲಿಯ ಕಲಾವಿದರು ಮುಂದೆ ಕಾಂಟ್ರಪೋಸ್ಟೊ ಎಂದರು. ಅದನ್ನು ಗಣಿತಕ್ಕೆ ಇಳಿಸಿದವನು ಆರ್ಗಾಸಿನ ಪಾಲಿಕ್ಲೀಟಸ್. ಸುಮಾರು ಕ್ರಿ.ಪೂ. 440ರಲ್ಲಿ ಅವನು ಎರಕ ಹೊಯ್ದ ‘ಈಟಿಗಾರ’ನ ಬಲಗಾಲು ಭಾರ ಹೊತ್ತಿದೆ, ಬಲಗೈ ಬಿಡುವಾಗಿದೆ, ಎಡಗಾಲು ಬಿಡುವಾಗಿದೆ, ಎಡಗೈ ಈಟಿ ಹಿಡಿದಿದೆ. ಬೆರಳಿಗೆ ಬೆರಳಿನ, ಬೆರಳಿಗೆ ಅಂಗೈಯ, ಅಂಗೈಗೆ ತೋಳಿನ ಅನುಪಾತವನ್ನೆಲ್ಲ ಅವನು ಒಂದು ಗ್ರಂಥದಲ್ಲಿ ಬರೆದಿಟ್ಟಿದ್ದ. ಗ್ರಂಥ ಕಳೆದುಹೋಯಿತು. ಅದರ ಸುದ್ದಿ ನಮಗೆ ಸಿಗುವುದು ವೈದ್ಯ ಗ್ಯಾಲನ್‌ನ ಬರಹದಲ್ಲಿ ಎಂಬುದು ನನಗೆ ಬಲು ಇಷ್ಟದ ಸಂಗತಿ. 1972ರಲ್ಲಿ ಇಟಲಿಯ ರಿಯಾಚೆ ಬಳಿ ಸಮುದ್ರದಿಂದ ಎತ್ತಿದ ಎರಡು ಕಂಚಿನ ಯೋಧರ ಹೊಟ್ಟೆಯ ಕೆಳಗಿನ ಅಂಚನ್ನು ನೋಡಿ. ಅಷ್ಟು ದಪ್ಪನೆಯ ಏಣು ಜೀವಂತ ಮನುಷ್ಯರಲ್ಲಿ ಕಾಣುವುದು ಅಪರೂಪ. ಸೊಂಟದ ವಾಲುವಿಕೆ ಎದ್ದು ಕಾಣಲೆಂದೇ ಶಿಲ್ಪಿ ಅದನ್ನು ಉಬ್ಬಿಸಿದ್ದಾನೆ ಎಂದು ನಾನಂತೂ ಓದಿಕೊಳ್ಳುತ್ತೇನೆ.

ಶ್ರವಣಬೆಳಗೊಳದ ಗೊಮ್ಮಟನೂ ದಿಗಂಬರನೇ. ಆದರೆ ಅವನ ಭಾರ ಎರಡು ಪಾದಗಳ ಮೇಲೂ ಸಮ, ಸ್ನಾಯು ತೋರಿಸುವ ಗೊಡವೆಯೇ ಅಲ್ಲಿಲ್ಲ. ಅದು ಕಾಯೋತ್ಸರ್ಗ, ದೇಹದ ಹಂಗು ತೊರೆದವನ ನಿಲುವು. ಇವೆರಡನ್ನೂ ‘ನಗ್ನ ಶಿಲ್ಪ’ ಎಂದು ಒಂದೇ ಸಾಲಿನಲ್ಲಿ ಕೂರಿಸುವವರು ಬಟ್ಟೆ ಇಲ್ಲದ್ದನ್ನಷ್ಟೇ ನೋಡಿದ್ದಾರೆ.

ಹೆಂಗಸರ ಮಾತು ಗ್ರೀಸಿನಲ್ಲಿ ಬೇರೆಯೇ. ಅವರ ಶಿಲ್ಪಗಳಲ್ಲಿ ಬಹುಕಾಲ ಮೈಗಂಟಿದ ತೆಳುಬಟ್ಟೆ ಉಳಿದಿತ್ತು. ಕ್ರಿ.ಪೂ. 4ನೆಯ ಶತಮಾನದಲ್ಲಿ ಪ್ರಾಕ್ಸಿಟೆಲೀಸ್ ಪ್ರೇಮದೇವತೆ ಅಫ್ರೊಡೈಟಿಯ ಎರಡು ಶಿಲ್ಪಗಳನ್ನು ಕಡೆದ, ಒಬ್ಬಳಿಗೆ ಬಟ್ಟೆ ಇತ್ತು, ಇನ್ನೊಬ್ಬಳಿಗೆ ಇರಲಿಲ್ಲ. ಕೋಸ್ ದ್ವೀಪದವರು ಮರ್ಯಾದೆಯಾಗಿ ಬಟ್ಟೆಯವಳನ್ನು ಕೊಂಡರಂತೆ. ಉಳಿದವಳನ್ನು ಒಯ್ದ ಕ್ನಿಡಾಸ್‌ಗೆ ಜನ ಹಡಗೇರಿ ಬರತೊಡಗಿದರು. ಊರಿನ ಸಾಲವನ್ನೆಲ್ಲ ತೀರಿಸುತ್ತೇನೆ, ಅವಳನ್ನು ಕೊಡಿ ಎಂದು ರಾಜನೊಬ್ಬ ಕೇಳಿದರೂ ಕೊಡಲಿಲ್ಲ ಎಂದು ರೋಮಿನ ಪ್ಲಿನಿ ಬರೆದಿದ್ದಾನೆ. ಇಲ್ಲಿ ಸ್ನಾಯುವಿನ ಕಾರಣ ಹೇಳಿದರೆ ನನ್ನನ್ನು ಯಾರೂ ನಂಬುವುದಿಲ್ಲ, ನಂಬಲೂಬಾರದು.

ಮಧ್ಯಯುಗದ ಯೂರೋಪಿನಲ್ಲಿ ಬೆತ್ತಲೆ ಎಂದರೆ ಬಹುತೇಕ ಆದಂ, ಈವ್ ಮತ್ತು ನರಕಕ್ಕೆ ಬಿದ್ದವರು. ಆದರೂ 1260ರಲ್ಲಿ ಪೀಸಾದ ದೀಕ್ಷಾಸ್ನಾನ ಮಂದಿರದ ಉಪದೇಶಪೀಠದಲ್ಲಿ ಶಿಲ್ಪಿ ನಿಕೋಲಾ ಪಿಸಾನೊ ಧೈರ್ಯ ಎಂಬ ಗುಣವನ್ನು ಬೆತ್ತಲೆ ಹರ್ಕ್ಯುಲಿಸ್‌ನ ರೂಪದಲ್ಲಿ ಕಡೆದ. ಕಣ್ಣೆದುರಿಗಿದ್ದ ರೋಮನ್ ಶವಪೆಟ್ಟಿಗೆಗಳ ಕೆತ್ತನೆಯಿಂದ ಕಲಿತದ್ದು ಅದು. 1435ರಲ್ಲಿ ಇಟಲಿಯ ವಿದ್ವಾಂಸ ಆಲ್ಬರ್ಟಿ ಚಿತ್ರಕಾರರಿಗೆ ಕೊಟ್ಟ ಸಲಹೆ ಇನ್ನೂ ನೇರ: ಬಟ್ಟೆ ತೊಟ್ಟವನನ್ನು ಬರೆಯಬೇಕೆಂದರೆ ಮೊದಲು ಅವನನ್ನು ಬೆತ್ತಲೆ ಬರೆ; ಬೆತ್ತಲೆ ಬರೆಯಬೇಕೆಂದರೆ ಮೊದಲು ಮೂಳೆ, ಆಮೇಲೆ ಸ್ನಾಯು. ಇದನ್ನು ಗಂಭೀರವಾಗಿ ತೆಗೆದುಕೊಂಡವರು ಶವಾಗಾರಕ್ಕೇ ಹೋಗಬೇಕಾಯಿತು.

ಫ್ಲಾರೆನ್ಸಿನ ಕಲಾವಿದ ಪೊಲ್ಲಾಯುವೊಲೊ ಹೋದ, ಅವನು ಅನೇಕ ಹೆಣಗಳ ಚರ್ಮ ಸುಲಿದು ನೋಡಿದನೆಂದು ಕಲಾವಿದರ ಚರಿತ್ರೆ ಬರೆದ ವಸಾರಿ ಹೇಳುತ್ತಾನೆ. ಅವನ ಬೆತ್ತಲೆ ಕಾಳಗದ ಅಚ್ಚುಚಿತ್ರದಲ್ಲಿ ಹತ್ತು ಗಂಡಸರು ಕತ್ತಿ, ಕೊಡಲಿ ಹಿಡಿದು ಬಡಿದಾಡುತ್ತಿದ್ದಾರೆ. ಒಬ್ಬೊಬ್ಬನ ಒಂದೊಂದು ಸ್ನಾಯುವೂ ಒಟ್ಟಿಗೇ ಉಬ್ಬಿದೆ. ಹಾಗಾಗುವುದಿಲ್ಲ. ಸ್ನಾಯು ಎಳೆಯಬಲ್ಲದು, ತಳ್ಳಲಾರದು, ಆದ್ದರಿಂದಲೇ ಜೋಡಿಯಾಗಿ ಕೆಲಸ ಮಾಡುತ್ತದೆ. ತೋಳಿನ ಮುಂದಿನದು ಸೆಟೆದು ಕೈ ಮಡಿಸುವಾಗ ಹಿಂದಿನದು ಬಿಡುವು ಕೊಡಬೇಕು. ಇಂಥ ನಗ್ನರು ಅಕ್ರೋಟು ತುಂಬಿದ ಚೀಲದ ಹಾಗಿರುತ್ತಾರೆ ಎಂದು ಲಿಯೊನಾರ್ಡೊ, ಯಾರ ಹೆಸರೂ ಎತ್ತದೆ, ಟಿಪ್ಪಣಿ ಬರೆದುಕೊಂಡ. ಕೆಲಸದಲ್ಲಿರುವ ಸ್ನಾಯುವನ್ನಷ್ಟೇ ತೋರಿಸು ಎಂಬುದು ಅವನ ಪಾಠ. ಮೂವತ್ತಕ್ಕೂ ಹೆಚ್ಚು ಶವಗಳನ್ನು ಕೊಯ್ದಿದ್ದೇನೆಂದು ಹೇಳಿಕೊಂಡವನ ಪಾಠ ಅದು.

ಮೈಕೆಲ್ಯಾಂಜಲೊ ಹದಿಹರೆಯದಲ್ಲಿಯೇ ಫ್ಲಾರೆನ್ಸಿನ ಸಾಂತೊ ಸ್ಪಿರಿತೊ ಮಠದಲ್ಲಿ ಶವಗಳನ್ನು ಅಭ್ಯಸಿಸಿದ. ಋಣ ತೀರಿಸಲು ಮಠಕ್ಕೊಂದು ಮರದ ಶಿಲುಬೆ ಕೆತ್ತಿಕೊಟ್ಟ, ಅದರಲ್ಲಿ ಕ್ರಿಸ್ತನೂ ಬೆತ್ತಲೆ. 1504ರಲ್ಲಿ ಮುಗಿಸಿದ ಡೇವಿಡ್‌ನ ಕತ್ತಿನ ಬಲಬದಿಯಲ್ಲಿ ಅಭಿಧಮನಿ ಉಬ್ಬಿದೆ. ಬೈಬಲ್ಲಿನ ದೈತ್ಯ ಗೊಲಿಯಾತ್‌ನನ್ನು ದಿಟ್ಟಿಸುತ್ತಿರುವ ಹುಡುಗನ ಉದ್ವೇಗಕ್ಕೆ ತಕ್ಕ ಉಬ್ಬು. 2019ರಲ್ಲಿ ಅಮೆರಿಕದ ವೈದ್ಯರೊಬ್ಬರು ಇದನ್ನು ಹೃದ್ರೋಗದ ಪತ್ರಿಕೆಯಲ್ಲಿ ಬರೆದರು. ರಕ್ತ ಮೈಯಲ್ಲಿ ಸುತ್ತಿಬರುತ್ತದೆ ಎಂದು ಇಂಗ್ಲೆಂಡಿನ ವೈದ್ಯ ಹಾರ್ವೆ ಪ್ರಕಟಿಸಿದ್ದು ಶಿಲ್ಪ ಮುಗಿದು ನೂರಿಪ್ಪತ್ತನಾಲ್ಕು ವರ್ಷಗಳ ಮೇಲೆ, 1628ರಲ್ಲಿ.

ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆ 1563ರಲ್ಲಿ ಧಾರ್ಮಿಕ ಚಿತ್ರಗಳಲ್ಲಿ ಕಾಮೋದ್ರೇಕ ಸಲ್ಲದೆಂದಿತು. ಮೈಕೆಲ್ಯಾಂಜಲೊ ತೀರಿಕೊಂಡ ಮರುವರ್ಷ ಅವನ ‘ಅಂತಿಮ ತೀರ್ಪು’ ಭಿತ್ತಿಚಿತ್ರದ ಮೇಲೆ ಬಟ್ಟೆ ಬಳಿಯುವ ಕೆಲಸ ಅವನ ಗೆಳೆಯ ದಾನಿಯೆಲೆ ದ ವೊಲ್ತೆರಾನ ಪಾಲಿಗೆ ಬಂತು, ಪಾಪ, ಅವನಿಗೆ ಚಡ್ಡಿ ಹೊಲಿಯುವವನೆಂಬ ಅಡ್ಡಹೆಸರು ಅಂಟಿತು. ಲಂಡನ್ನಿನ ವಸ್ತುಸಂಗ್ರಹಾಲಯವೊಂದು ಡೇವಿಡ್‌ನ ಗಾರೆಯ ಪ್ರತಿಗಾಗಿ ಅರ್ಧ ಮೀಟರಿನ ಅಂಜೂರದ ಎಲೆ ಮಾಡಿಸಿಟ್ಟುಕೊಂಡಿತ್ತು, ರಾಜಮನೆತನದ ಹೆಂಗಸರು ಬಂದಾಗ ಸಿಕ್ಕಿಸಲು.

ಮೂಲ ಡೇವಿಡ್‌ನ ಚಿಂತೆ ಎಲೆಯದಲ್ಲ, ಕಾಲಿನದು. 5.17 ಮೀಟರ್ ಎತ್ತರದ ಅಮೃತಶಿಲೆಯಲ್ಲಿಯೂ ಕಾಂಟ್ರಪೋಸ್ಟೊ ಭಾರವನ್ನು ಬಲಗಾಲಿಗೆ ಸಾಗಿಸುತ್ತದೆ, ಆ ಕಾಲಿನ ಹಿಂದೆ ಆಸರೆಗೆ ಒಂದು ಮರದ ಮೋಟು ಕಡೆದಿದೆ. 1873ರಲ್ಲಿ ಒಳಗೆ ತರುವ ಮೊದಲು ಚೌಕದಲ್ಲಿದ್ದಾಗ ಶಿಲ್ಪ ತುಸು ಮುಂದಕ್ಕೆ ವಾಲಿತ್ತು, ಕಾಲಿನ ಕೆಳಭಾಗದಲ್ಲಿ ಕೂದಲೆಳೆಯಂಥ ಬಿರುಕುಗಳಿವೆ. ಇಟಲಿಯ ಸಂಶೋಧಕರು 2014ರಲ್ಲಿ ಜಿಪ್ಸಮ್‌ನ ಪುಟ್ಟ ಡೇವಿಡ್‌ಗಳನ್ನು ಯಂತ್ರದಲ್ಲಿ ಗರಗರ ತಿರುಗಿಸಿ ಅವುಗಳ ಮೇಲಿನ ಭಾರ ಹೆಚ್ಚಿಸಿ, ಕಾಲು ಎಲ್ಲಿ ಮುರಿಯುತ್ತದೆಂದು ನೋಡಿದರು. ಪಾಲಿಕ್ಲೀಟಸ್ ಕಂಚಿನಲ್ಲಿ ಎರಕ ಹೊಯ್ದವನು, ಅವನ ಈಟಿಗಾರನಿಗೆ ಮೋಟಿನ ಹಂಗು ಇರಲಿಲ್ಲ. ಅದು ಬಂದದ್ದು ರೋಮನ್ನರು ಅವನನ್ನು ಅಮೃತಶಿಲೆಗೆ ಇಳಿಸಿದಾಗ.