ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ?

ಕಳೆದ ತಿಂಗಳು ನವಲಗುಂದದ ಹುಡುಗಿಯೊಬ್ಬಳು ಧಾರವಾಡದಲ್ಲಿ ನನ್ನನ್ನು ನೋಡಲು ಬಂದಿದ್ದಳು. ನರ್ಸಿಂಗ್ ಮುಗಿಸಿ ಎರಡು ವರ್ಷ ಕೆಲಸ ಮಾಡಿದ್ದಾಳೆ. "ಮೇಡಂರೀ, ಆಫ್ರಿಕಾಕ್ಕ ಹೋಗಿ ಹೆಣ್ಮಕ್ಕಳ ಆರೋಗ್ಯದ ಕೆಲಸಾ ಮಾಡ್ಬೇಕಂತ ಭಾಳ ಆಸೆ ಐತ್ರಿ. ಅಲ್ಲಿ ಮಂದಿಗೆ ಏನ್ ಹೇಳ್ಬೇಕ್ರಿ?" ಎಂದು ಕೇಳಿದಳು. ಖುಷಿಯಾಯಿತು. ಆದರೆ ಏನು ಹೇಳಬೇಕೆಂದು ಮೊದಲೇ ತೀರ್ಮಾನಿಸಿಕೊಂಡು ಹೋಗಿ ನಾನು ಎಡವಿದ್ದೆ. ಅದನ್ನೇ ಅವಳಿಗೆ ಹೇಳಿದೆ.

ನಾನು ಸ್ವಯಂಸೇವಕಿಯಾಗಿ ಹೋಗಿದ್ದು ಮಲಾವಿಗೆ. ಅದಕ್ಕೂ ಮುಂಚೆ ಕಲಘಟಗಿ, ಕುಂದಗೋಳದ ಹಳ್ಳಿಗಳಲ್ಲಿ ವರ್ಷಗಟ್ಟಲೆ ಓಡಾಡಿದ್ದೆ. ಬಸುರಿ ಆಸ್ಪತ್ರೆಗೆ ಬರಬೇಕೆಂದರೆ ಮೊದಲು ಅತ್ತೆ ಒಪ್ಪಬೇಕು, ಆಮೇಲೆ ಗಂಡ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಅಲ್ಲೂ ಗಂಡಂದಿರನ್ನು ಮರದ ಕೆಳಗೆ ಕೂರಿಸಿಕೊಂಡು ಹೆರಿಗೆಯ ಅಪಾಯಗಳನ್ನು ವಿವರಿಸಿದೆ. ಎಲ್ಲರೂ ಹೂಂ ಅಂದರು. ಮೂರು ತಿಂಗಳಾದರೂ ಹೆರಿಗೆಗೆ ಬರುವವರು ಹೆಚ್ಚಲಿಲ್ಲ.

ಕೊನೆಗೆ ಅಜ್ಜಿಯೊಬ್ಬರು ಬಿಡಿಸಿ ಹೇಳಿದರು. ಅಲ್ಲಿನ ಚೇವಾ ಜನರಲ್ಲಿ ವಂಶ ತಾಯಿ ಕಡೆಯಿಂದ ಬರುತ್ತದೆ, ನಮ್ಮ ಕರಾವಳಿಯ ಅಳಿಯಕಟ್ಟಿನ ಹಾಗೆ. ಹಳೆಯ ರೂಢಿಯಲ್ಲಿ ಮದುವೆಯಾದ ಗಂಡಸೇ ಹೆಂಡತಿಯ ಊರಿಗೆ ಬಂದು ಇರುತ್ತಾನೆ. ದೊಡ್ಡ ಮಾತು 'ಮಲುಮೆ'ಯದು, ಅಂದರೆ ಸೋದರಮಾವನದು. ನಾನು ಅವನನ್ನು ಕೇಳಿಯೇ ಇರಲಿಲ್ಲ. ತಾಯಿ ಕಡೆಯ ವಂಶ ಅಂದಮಾತ್ರಕ್ಕೆ ಹೆಣ್ಣಿನ ಮಾತು ನಡೆಯುತ್ತದೆ ಅಂತಲೂ ಅಲ್ಲ. ಅತ್ತೆಯ ಜಾಗದಲ್ಲಿ ಸೋದರಮಾವ ಇದ್ದ, ಅಷ್ಟೇ. ಬಸುರಿಯನ್ನು ಮಾತ್ರ ಅಲ್ಲೂ ಯಾರೂ ಕೇಳುತ್ತಿರಲಿಲ್ಲ.

ಇನ್ನೊಂದು ವಿಷಯ. ನಮ್ಮಲ್ಲಿ ಆಶಾ ಅಂದರೆ ಹೆಂಗಸರೇ. ಅಲ್ಲಿ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಸರ್ಕಾರಿ ಸಂಬಳವಿದೆ, ಆದರೆ ಅವರಲ್ಲಿ ಗಂಡಸರೇ ಜಾಸ್ತಿ. 16 ವರ್ಷದ ಹುಡುಗಿ ಮುಟ್ಟಿನ ವಿಷಯ ಅವರ ಮುಂದೆ ಹೇಗೆ ಎತ್ತಬೇಕು? ಆ ಅಜ್ಜಿಯಂಥವರನ್ನು ಕಾರ್ಯಕರ್ತರ ಜೊತೆ ಕಳಿಸತೊಡಗಿದ ಮೇಲೆ ಹುಡುಗಿಯರು ಬಾಯಿ ಬಿಟ್ಟರು.

ಮಲಾವಿ 2015ರ ಕಾನೂನಿನಲ್ಲಿ ಮದುವೆಯ ವಯಸ್ಸನ್ನು 18ಕ್ಕೆ ಏರಿಸಿತು. ತಂದೆತಾಯಿ ಒಪ್ಪಿದರೆ ಅದಕ್ಕೂ ಮುಂಚೆ ಮದುವೆಯಾಗಬಹುದು ಎಂದು ಸಂವಿಧಾನದಲ್ಲಿ ಉಳಿದಿದ್ದ ಅವಕಾಶ 2017ರಲ್ಲಿ ಹೋಯಿತು. ಆದರೆ ನೂರಾರು ಬಾಲ್ಯವಿವಾಹಗಳನ್ನು ಮುರಿದು ಹುಡುಗಿಯರನ್ನು ಶಾಲೆಗೆ ಕಳಿಸಿದ್ದು ಡೆಡ್ಜಾ ಜಿಲ್ಲೆಯ ಸಾಂಪ್ರದಾಯಿಕ ಮುಖ್ಯಸ್ಥೆ ತೆರೆಸಾ ಕಚಿಂದಮೋಟೋ. ನಾನು ಹೇಳಿದ್ದರೆ ಯಾರು ಕೇಳುತ್ತಿದ್ದರು? ಅಂಥವರ ಬೆನ್ನಿಗೆ ನಿಲ್ಲುವುದು ನಮ್ಮ ಕೆಲಸ.

ಹೋಗುವ ದಾರಿಯ ಬಗ್ಗೆಯೂ ಒಂದೆರಡು ಮಾತು. ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ 1970ರಲ್ಲಿ ಹುಟ್ಟಿದ್ದು, ಮುಖ್ಯ ಕಚೇರಿ ಜರ್ಮನಿಯ ಬಾನ್ ನಗರದಲ್ಲಿದೆ. 18ರಿಂದ 26 ವರ್ಷದವರಿಗೆ ಬೇರೆ ವಿಭಾಗವಿದೆ. ಆಯ್ಕೆಯಾದವರಿಗೆ ತಿಂಗಳ ಖರ್ಚಿಗೆ ಹಣ, ವಿಮೆ ಅವರೇ ಕೊಡುತ್ತಾರೆ, ನಮ್ಮಿಂದ ಶುಲ್ಕ ಕೇಳುವುದಿಲ್ಲ. ಹಾಗಾಗಿ 'ಸೀಟು ಕೊಡಿಸ್ತೀನಿ, ದುಡ್ಡು ಹಾಕಿ' ಅನ್ನುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಅಂಥ ಏಜೆಂಟನ ಮಾತು ನಂಬಿ ಬಂಗಾರ ಅಡವಿಟ್ಟ ಹುಬ್ಬಳ್ಳಿಯ ಒಂದು ಮನೆಯನ್ನು ನೋಡಿದ್ದೇನೆ. ಆ ತಾಯಿಯ ಮುಖ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಅಡಿಸ್ ಅಬಾಬಾ, ನೈರೋಬಿ ಮೇಲೆ ಹೋಗಿ ಬರುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡೇ ಹೊರಡಿ. ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ಆಗಬೇಕು. ಆ ಕಾರ್ಡು ಜೀವನಪೂರ್ತಿ ನಡೆಯುತ್ತದೆ.

ನವಲಗುಂದದ ಹುಡುಗಿಗೆ ಅರ್ಜಿ ತುಂಬುವ ಮುಂಚೆ ಒಂದು ಕೆಲಸ ಕೊಟ್ಟೆ. ಕಲಘಟಗಿ ಕಡೆ ಒಬ್ಬ ಆಶಾ ಅಕ್ಕನ ಜೊತೆ ಓಡಾಡು, ಏನೂ ಹೇಳಬೇಡ, ಪ್ರತಿ ಮನೆಯಲ್ಲೂ ಯಾರ ಮಾತು ನಡೆಯುತ್ತದೆ ಅಂತ ಬರೆದುಕೋ ಅಂದೆ. ಮೊನ್ನೆ ನೋಟ್‌ಬುಕ್ ತಂದು ತೋರಿಸಿದಳು. ಒಂದು ಮನೆಯ ಮುಂದೆ ಅತ್ತೆ, ಗಂಡ ಎರಡನ್ನೂ ಹೊಡೆದುಹಾಕಿ, ಪಕ್ಕದಲ್ಲಿ ಬರೆದಿದ್ದಳು: "ಮೈದುನ. ಫೋನ್ ಇವನ ಹತ್ತಿರ ಇದೆ. 108ಕ್ಕೆ ಕರೆ ಮಾಡುವವನು ಇವನೇ."